ಹಂಪಿ, ಬೇಲೂರು ಆಯಿತು. ಬಸವನಗುಡಿಯ ಮನೆಗಳ ಫೋಟೋ ಯಾವಾಗ?

ನಮ್ಮಲ್ಲಿ ಕಟ್ಟಡದ ಫೋಟೋ ಎಂದರೆ ಹಂಪಿಯ ಕಲ್ಲಿನ ರಥ, ಬೇಲೂರಿನ ಮದನಿಕೆ, ಭಾನುವಾರ ಸಂಜೆ ದೀಪ ಹೊತ್ತಿಸಿಕೊಂಡ ಮೈಸೂರು ಅರಮನೆ. ಇವನ್ನು ತೆಗೆದವರು ಲೆಕ್ಕವಿಲ್ಲದಷ್ಟು ಜನ, ಇನ್ನೂ ತೆಗೆಯಲಿ. ಆದರೆ ಚಾಮರಾಜಪೇಟೆಯ ಮಂಕಿ ಟಾಪ್ ಕಿಟಕಿ (ಮೇಲೆ ಚೂಪು ತುದಿಯ ಮರದ ಜಾಲರಿ ಮಾಡು ಇರುವಂಥದ್ದು), ಮೈಸೂರಿನ ಅಗ್ರಹಾರದ ಜಗಲಿ, ಧಾರವಾಡದ ಓಣಿಯ ಪಡಸಾಲೆ ಇವುಗಳ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವವರು ಕಡಿಮೆ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್‌ನ ಬೆಂಗಳೂರು ಶಾಖೆಯಂಥವರು ದಾಖಲೆ ಮಾಡುತ್ತಾ ಬಂದಿದ್ದಾರೆ, ನಿಜ. ನಾನು ಹೇಳುತ್ತಿರುವುದು ಹವ್ಯಾಸಿಗಳ ಮಾತು. ಮುಂಬಯಿಯಲ್ಲಿ ಕೂತು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿನ ಹವ್ಯಾಸಿ ಛಾಯಾಗ್ರಾಹಕರು ಜನ ಬಾಡಿಗೆಗೆ ಇರುವ ಕಟ್ಟಡಗಳ ಬೆನ್ನು ಹತ್ತುತ್ತಾರೆ. ಓವಲ್ ಮೈದಾನ, ಮರೀನ್ ಡ್ರೈವ್ ಸುತ್ತಲಿನ 94 ಕಟ್ಟಡಗಳ ಸಮೂಹ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಅದರಲ್ಲಿನ ಆರ್ಟ್ ಡೆಕೊ (ಇಪ್ಪತ್ತನೇ ಶತಮಾನದ ಮೊದಲರ್ಧದ ಒಂದು ಶೈಲಿ) ಕಟ್ಟಡಗಳಲ್ಲಿ ಬಹಳಷ್ಟು ಇವತ್ತಿಗೂ ಸಂಸಾರಗಳಿರುವ ಫ್ಲಾಟುಗಳೇ. ಅದಕ್ಕೂ ಎರಡು ವರ್ಷ ಮೊದಲೇ ಆರ್ಟ್ ಡೆಕೊ ಮುಂಬಯಿ ಎಂಬ ಸಂಸ್ಥೆ ಇಂಥ ಕಟ್ಟಡಗಳನ್ನು ಒಂದೊಂದಾಗಿ ದಾಖಲಿಸಲು ಶುರುಮಾಡಿತ್ತು. ಕಿಟಕಿ ಮೇಲೆ ಹುಬ್ಬಿನ ಹಾಗೆ ಬಾಗಿದ ಸಜ್ಜೆ, ಹಡಗಿನ ಕಿಂಡಿಯಂಥ ದುಂಡು ಕಿಟಕಿ, ಮೆಟ್ಟಿಲ ಕಬ್ಬಿಣದ ಗ್ರಿಲ್, ಲಿಫ್ಟಿನ ಜಾಲರಿ ಬಾಗಿಲು, ಮೊಸಾಯಿಕ್ ನೆಲ, ಹೆಸರಿನ ಅಕ್ಷರ ಎಲ್ಲಕ್ಕೂ ಇಲ್ಲಿ ಬೆಲೆಯಿದೆ.

ಮುಂಬಯಿಯ ಮಾಟುಂಗ ಮತ್ತು ಬೆಂಗಳೂರಿನ ಬಸವನಗುಡಿ ಒಂದೇ ಕಾಯಿಲೆಯ ನಂತರ ಬೆಳೆದ ಬಡಾವಣೆಗಳು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, 1898ರಲ್ಲಿ ಊರನ್ನು ಸುಧಾರಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಆ ಟ್ರಸ್ಟಿನ ನಕ್ಷೆಯಲ್ಲೇ ದಾದರ್-ಮಾಟುಂಗ ರೂಪುಗೊಂಡಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂದು, ಪೇಟೆಯ ಇಕ್ಕಟ್ಟು ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಎರಡೂ ಕಡೆ ಗಾಳಿ ಬೆಳಕಿನ ಚಿಂತೆಯೇ ಕಟ್ಟಡಗಳನ್ನು ರೂಪಿಸಿದೆ. ಹಾಗಿರುವಾಗ ಒಂದು ಊರಿನ ಮೆಟ್ಟಿಲ ಗ್ರಿಲ್‌ಗೆ ಸಿಗುವ ಗೌರವ ಇನ್ನೊಂದು ಊರಿನ ಮರದ ಜಾಲರಿಗೆ ಯಾಕೆ ಸಿಗಬಾರದು?

ಮುಂಬಯಿಯವರಿಂದ ಮೊದಲು ಕಲಿಯಬೇಕಾದದ್ದು ದಿಕ್ಕು ನೋಡುವುದು. ಓವಲ್ ಮೈದಾನದ ಪಶ್ಚಿಮದ ಆರ್ಟ್ ಡೆಕೊ ಸಾಲು ಪೂರ್ವಕ್ಕೆ ಮುಖ ಮಾಡಿದೆ, ಅದಕ್ಕೆ ಬೆಳಗಿನ ಬಿಸಿಲು. ಎದುರಿನ ಹೈಕೋರ್ಟ್, ರಾಜಾಬಾಯಿ ಗೋಪುರ ಪಶ್ಚಿಮಕ್ಕೆ ಮುಖ ಮಾಡಿವೆ, ಅವಕ್ಕೆ ಸಂಜೆಯದು. ಸಮಯ ತಪ್ಪಿಸಿ ಹೋದರೆ ಆಕಾಶ ಬೆಳ್ಳಗೆ ಸುಟ್ಟು ಗೋಡೆ ಕಪ್ಪಾಗುತ್ತದೆ. ನಮ್ಮೂರಿನಲ್ಲಿ ಉತ್ತರಕ್ಕೆ ಬಾಗಿಲಿರುವ ಮನೆಗಳು ಬಹಳ. ಡಿಸೆಂಬರಿನಲ್ಲಿ ಆ ಗೋಡೆಗೆ ಬಿಸಿಲೇ ತಾಗುವುದಿಲ್ಲ. ಮೇ, ಜೂನ್‌ನಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಓರೆಯಾಗಿ ಬೀಳುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕು ಮರಗಳದು. ಹೊಂಗೆ ಎಲೆ ಉದುರಿಸುವ ಫೆಬ್ರುವರಿ, ಮಾರ್ಚ್‌ನಲ್ಲಿ ಮನೆಯ ಮುಖ ಕಾಣುತ್ತದೆ, ಹೊಸ ಚಿಗುರು ತುಂಬಿಕೊಂಡ ಮೇಲೆ ಮುಂದಿನ ವರ್ಷಕ್ಕೆ ಕಾಯಬೇಕು.

ಎರಡನೆಯದು ನೇರ ಗೆರೆ. ಕ್ಯಾಮೆರಾ ಮೇಲಕ್ಕೆ ಓರೆಮಾಡಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಇರದಿರುವುದೇ ಇದಕ್ಕೆ ಕಾರಣ. ಲೆಕ್ಕ ಸುಲಭ. ಫೋನಿನ ಮುಖ್ಯ ಕ್ಯಾಮೆರಾ ಸುಮಾರು 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಅದನ್ನು ನೆಟ್ಟಗೆ ಉದ್ದುದ್ದ ಹಿಡಿದು, ಸ್ವಲ್ಪವೂ ಓರೆಮಾಡದೆ ತೆಗೆದರೆ 15 ಮೀಟರ್ ಎತ್ತರದ ಕಟ್ಟಡ ಪೂರ್ತಿ ಬರಲು ಸುಮಾರು 18ರಿಂದ 20 ಮೀಟರ್ ಹಿಂದೆ ನಿಲ್ಲಬೇಕು. ಮಾಟುಂಗದ ಒಳರಸ್ತೆಗಳಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಹಾಗಾಗಿ ಎದುರು ಕಟ್ಟಡದ ಎರಡನೇ ಮಹಡಿಯ ಮೆಟ್ಟಿಲ ಕಿಟಕಿಯಿಂದ ತೆಗೆಯುತ್ತಾರೆ. ಕಟ್ಟಡದ ನಡು ಎತ್ತರದಲ್ಲಿ ನಿಂತರೆ ಓರೆಮಾಡುವ ಪ್ರಮೇಯವೇ ಇಲ್ಲ. ಬಸವನಗುಡಿಯ 6 ಮೀಟರ್ ಎತ್ತರದ ಹೆಂಚಿನ ಮನೆಗೆ ಆರೇಳು ಮೀಟರ್ ದೂರ ಸಾಕು. ಅಲ್ಲಿ ಅಡ್ಡಬರುವುದು ಕಾಂಪೌಂಡು ಮತ್ತು ನಿಲ್ಲಿಸಿದ ಕಾರು, ಅದಕ್ಕೆ ಮದ್ದು ಸಣ್ಣ ಏಣಿ. ಜಾಗವಿಲ್ಲವೆಂದು ತುಂಬಾ ಅಗಲ ಹಿಡಿಯುವ ಅಲ್ಟ್ರಾವೈಡ್‌ಗೆ ಹೋಗಬೇಡಿ. ಅಂಚಿನಲ್ಲಿರುವ ದುಂಡು ಕಿಟಕಿ ಮೊಟ್ಟೆಯಾಕಾರ ತಾಳುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಅದರ ಬದಲು ಫೋನನ್ನು ಉದ್ದುದ್ದ ಹಿಡಿದು, ಪಕ್ಕಪಕ್ಕದ ಚಿತ್ರಗಳು ಮೂರನೇ ಒಂದರಷ್ಟು ಒಂದರ ಮೇಲೊಂದು ಬರುವಂತೆ ನಾಲ್ಕೈದು ತೆಗೆದು ಜೋಡಿಸುವುದು ಮೇಲು. ಕಂಪ್ಯೂಟರಿನಲ್ಲಿ ಗೆರೆ ನೇರ ಮಾಡುವುದಾದರೆ ಸುತ್ತಲೂ ಜಾಗ ಬಿಟ್ಟು ತೆಗೆದಿರಬೇಕು, ಇಲ್ಲವಾದರೆ ಸೂರಿನ ತುದಿ ಕತ್ತರಿಸಿ ಹೋಗುತ್ತದೆ.

ಇನ್ನು ಗಾರೆ ಅಕ್ಷರಗಳು. ಹಳೆ ಮೈಸೂರಿನ ಮನೆಗಳ ನೆತ್ತಿಯ ಮೇಲೆ ಮನೆಯ ಹೆಸರು, ಕೆಳಗೆ ಕಟ್ಟಿದ ವರ್ಷ, ಎರಡು ಬದಿಗೆ ಬಳ್ಳಿಯೋ ನವಿಲೋ ಇರುತ್ತದೆ. ಮಾಲೀಕರು ಮನೆ ಕೆಡವಲೇಬೇಕೆಂದಿಲ್ಲ; ಹತ್ತು ಸಲ ಸುಣ್ಣ, ಡಿಸ್ಟೆಂಪರ್, ಎಮಲ್ಷನ್ ಬಳಿದರೆ ಅಕ್ಷರದ ಅಂಚು ತಾನಾಗಿ ಮುಚ್ಚಿಹೋಗುತ್ತದೆ. ಎದುರು ಬಿಸಿಲಲ್ಲಿ ತೆಗೆದರೆ ಬರೀ ಬಿಳಿ ಗೋಡೆ ಸಿಗುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಇಪ್ಪತ್ತು ನಿಮಿಷ ಇರುತ್ತದಲ್ಲ, ಆಗ ಒಂದು ಸೆಂಟಿಮೀಟರ್ ಉಬ್ಬಿಗೂ ನೆರಳು ಬಿದ್ದು, ಸವೆದ ಇಸವಿಯನ್ನೂ ಓದಬಹುದು. 85 ಮಿ.ಮೀ.ಗಿಂತ ಹೆಚ್ಚಿನ ಲೆನ್ಸ್ ಇರಲಿ, ಲೆನ್ಸಿನ ಕಿಂಡಿ ಎಫ್8, ಸೆನ್ಸರಿನ ಸಂವೇದನೆ ಐಎಸ್‌ಒ 200; ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಕಟ್ಟಿಹಾಕಿ. ಆಟೋದಲ್ಲೇ ಇಟ್ಟರೆ ಪಿಸ್ತಾ ಹಸಿರು, ಕೆನೆ ಬಣ್ಣ ಎಲ್ಲ ಬೂದಿಯಾಗುತ್ತದೆ. ಮಂಕಿ ಟಾಪ್‌ನ ಜಾಲರಿಯಲ್ಲಿ ಇನ್ನೊಂದು ಸಮಸ್ಯೆ: ಬಿಳಿ ಪಟ್ಟಿ, ಹಿಂದೆ ಕತ್ತಲೆ, ಮುಂದೆ ಒಂದು ಎಲೆ. ಫೋಕಸ್ ಎಲೆಗೆ ಹಾರುತ್ತದೆ. ಜಾಲರಿಯ ಮೇಲೆ ಬೆರಳು ಒತ್ತಿಹಿಡಿದು ಲಾಕ್ ಮಾಡಿ, ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಬೇಕು.

ಉತ್ತರ ಕರ್ನಾಟಕದ, ಮಣ್ಣಿನ ಸಪಾಟು ಸೂರಿನ ಮಾಳಿಗೆ ಮನೆಯ ಬೆಳಕಿಂಡಿಗೆ ಮುಂಬಯಿಯಲ್ಲಿ ಸಾಟಿಯಿಲ್ಲ. ನಡು ಮಧ್ಯಾಹ್ನ ಅದರಿಂದಿಳಿದ ಬಿಸಿಲು ನೆಲದ ಮೇಲೆ ಅಂಗೈಯಗಲ ಉರಿಯುತ್ತಿರುತ್ತದೆ, ಉಳಿದ ಪಡಸಾಲೆ ನಸುಗತ್ತಲು. ಆ ಕಿರಣ ಬೇಕಾದರೆ ಮಧ್ಯಾಹ್ನ ಹೋಗಿ. ಕಂಬ, ಬೋದಿಗೆ, ಗೂಡು ಕಾಣಬೇಕಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಟ್ರೈಪಾಡ್ ಮೇಲೆ ಮೂರು ಎಕ್ಸ್‌ಪೋಷರ್ ತೆಗೆಯಿರಿ: ಒಂದು ಸರಿಯಾದದ್ದು, ಒಂದು ಎರಡು ಸ್ಟಾಪ್ ಕೆಳಗೆ, ಒಂದು ಎರಡು ಸ್ಟಾಪ್ ಮೇಲೆ. ಜೋಡಿಸುವಾಗ ಕೈ ಬಿಗಿಹಿಡಿಯಿರಿ. ಫೋನಿನ ನೈಟ್ ಮೋಡ್ ಆ ಕೋಣೆಯನ್ನು ಹಗಲು ಮಾಡಿಬಿಡುತ್ತದೆ. ಬೇಸಿಗೆಯಲ್ಲಿ ತಂಪಾಗಿರಲೆಂದೇ ನಸುಗತ್ತಲಾಗಿ ಕಟ್ಟಿದ ಮನೆಯನ್ನು ಟ್ಯೂಬ್‌ಲೈಟ್ ಹಾಕಿದ ಹಾಗೆ ತೋರಿಸುವುದು ಸುಳ್ಳು ದಾಖಲೆ.

ಒಳಗೆ ಹೋಗುವ ರೀತಿಯಲ್ಲಿ ಮಾತ್ರ ಮುಂಬಯಿಯವರು ನಮ್ಮಿಂದ ಕಲಿಯಬೇಕು. ಇಲ್ಲಿ ವಾಚ್‌ಮನ್ "ಸೆಕ್ರೆಟರಿ ಸೇ ಪೂಛೋ" ಅನ್ನುತ್ತಾನೆ. ಸೊಸೈಟಿಗೆ ಒಂದು ಪುಟದ ಪತ್ರ, ಗುರುತಿನ ಚೀಟಿಯ ಪ್ರತಿ, ಮೆಟ್ಟಿಲು ಮತ್ತು ಲಾಬಿ ಮಾತ್ರ ಎಂಬ ಮಾತು, ಇಷ್ಟು ಕೊಟ್ಟರೆ ಒಂದು ತಾಸು ಸಿಗುತ್ತದೆ. ಒಳ್ಳೆಯ ಚಿತ್ರ ಬರುತ್ತದೆ, ಆದರೆ ಕಟ್ಟಿದ್ದು ಯಾರು, ಕಲ್ಲು ಎಲ್ಲಿಯದು ಎಂದು ಹೇಳುವವರು ಸಿಗುವುದಿಲ್ಲ. ಮುಂಬಯಿಯ ವಠಾರಗಳಾದ ಚಾಳುಗಳ ಮೆಟ್ಟಿಲ ಬಳಿಯ ಫರ್ಶಿ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಸೂರಿನ ಹೆಂಚು ಮಂಗಳೂರಿನದು ಅಂತ ಗೊತ್ತಿಲ್ಲದೆ ಅವುಗಳ ನಡುವೆ ಓಡಾಡುವವರೇ ಹೆಚ್ಚು. ಕೆಳಗಿಳಿಸಿಟ್ಟ ಹೆಂಚು ಕಂಡರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಅದನ್ನೂ ತೆಗೆದುಕೊಳ್ಳಿ.

ನಮ್ಮಲ್ಲಿ ಗೇಟಿನ ಹತ್ತಿರ ಮೊದಲು ಅನುಮಾನ ಎದುರಾಗುತ್ತದೆ. "ಯಾವ ಆಫೀಸಿಂದ ಬಂದಿದೀರಿ?" ಎಂಬ ಪ್ರಶ್ನೆಯ ಹಿಂದೆ ರಸ್ತೆ ಅಗಲೀಕರಣದ ಹೆದರಿಕೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಬ್ರೋಕರುಗಳ ಕಾಟ ಎಲ್ಲ ಇದೆ. ಕ್ಯಾಮೆರಾ ಚೀಲದಲ್ಲೇ ಇರಲಿ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ಹೋಗಿ, ಊಟ, ನಿದ್ದೆಯ ಹೊತ್ತು ಬೇಡ. ಊರು, ಹೆಸರು ಹೇಳಿ, ಅದೇ ಬೀದಿಯ ಬೇರೆ ಮನೆಗಳ ಚಿತ್ರ ತೋರಿಸಿ. ಧಾರವಾಡದಲ್ಲಿ "ಅಜ್ಜಾರ, ಈ ಮನಿ ಕಟ್ಟಿಸಿದ್ದು ಯಾರ್ರೀ?" ಎಂದು ಕೇಳಿದರೆ ಚಹಾ ಬರುತ್ತದೆ, ತೊಲೆ ಎಲ್ಲಿಂದ ಬಂತು, ಗಾರೆ ಅರೆದವರು ಯಾರು ಎಂಬುದೂ ಬರುತ್ತದೆ. ಕೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ಅದಿಲ್ಲದ ಚಿತ್ರ ಅರ್ಧ ಚಿತ್ರ.

ಕಾನೂನು ನಮ್ಮ ಪರ ಇದೆ. ಹಕ್ಕುಸ್ವಾಮ್ಯ ಕಾಯ್ದೆ 1957ರ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆಯುವುದು, ಪ್ರಕಟಿಸುವುದು ಹಕ್ಕಿನ ಉಲ್ಲಂಘನೆಯಲ್ಲ. ಗೋಡೆಯ ಮೇಲೆ ಕಲಾವಿದರು ಬರೆದ ಚಿತ್ರಕ್ಕೆ ಆ ವಿನಾಯಿತಿ ಇಲ್ಲ, ಅದರ ಫೋಟೋ ಮಾರುವ ಮುನ್ನ ಅವರನ್ನು ಕೇಳಲೇಬೇಕು. ದಕ್ಷಿಣ ಮುಂಬಯಿಯಲ್ಲಿ ಟ್ರೈಪಾಡ್ ಬಿಚ್ಚಿದರೆ ಪೊಲೀಸರು ಬಂದು ವಿಚಾರಿಸುವುದು ಮಾಮೂಲು. ನೌಕಾಪಡೆಯ ಜಾಗದ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ಒಂದು ಮನೆಗೆ ಕನಿಷ್ಠ ಇಷ್ಟಾದರೂ ಇರಲಿ: ಎದುರಿನಿಂದ ನೇರ ಒಂದು, ಮೂಲೆಯಿಂದ ಒಂದು, ಅಕ್ಕಪಕ್ಕದ ಮನೆ ಸೇರಿಸಿ ಬೀದಿಯದೊಂದು, ಆಮೇಲೆ ಬಾಗಿಲು, ಕಿಟಕಿ, ನೆಲ, ಹೆಸರು. ಫೈಲಿಗೆ ಇಸವಿ-ತಿಂಗಳು-ದಿನ, ಬಡಾವಣೆ, ರಸ್ತೆ, ಮನೆ ಹೆಸರು ಈ ಕ್ರಮದಲ್ಲಿ ಹೆಸರಿಟ್ಟರೆ ಐದು ವರ್ಷದ ಮೇಲೂ ಹುಡುಕಿದ್ದು ಸಿಗುತ್ತದೆ. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಹಂಚುವ ಮೊದಲು ಜಿಪಿಎಸ್ ಮಾಹಿತಿ ತೆಗೆದುಹಾಕಿ. ಮತ್ತೆ ಆ ಬೀದಿಗೆ ಹೋಗುವಾಗ 6x8 ಇಂಚಿನ ಒಂದು ಪ್ರಿಂಟ್ ಮನೆಯವರಿಗೆ ಕೊಡಿ. ಹಿಂದೆ ತಾರೀಖು ಬರೆಯಲು ಸಿ.ಡಿ. ಮಾರ್ಕರ್ ಬಳಸಿ, ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ, ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. ಬರೆದು ಪೂರ್ತಿ ಒಣಗಿದ ಮೇಲೆ ಲಕೋಟೆಗೆ ಹಾಕಿ.