ಗೇಟಿನಾಚೆ ನಿಂತು ಮನೆ ನೋಡುವುದು

ನಿನ್ನೆ ಬೆಳಗ್ಗೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಪಕ್ಕದ ಕಟ್ಟಡದ ಕೆಳಗಿನ ಪೋರ್ಷನ್‌ನಲ್ಲಿ ಒಂದು ಚಿಕ್ಕ ಸಂಸಾರ ಬಾಡಿಗೆಗಿದೆ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗ. ಮೂರು ವಾರದಿಂದ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತಿದೆ. ಓನರ್‌ಗೆ ಹೇಳಿದರು. ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿ ಅಂದರಂತೆ. ಬೇರೆ ದಾರಿ ಕಾಣದೆ ಕಚೇರಿಗೆ ಹೋಗಿ ದೂರು ಬರೆದುಕೊಟ್ಟರು. ನಿನ್ನೆ ತಪಾಸಣೆಗೆ ಇಬ್ಬರು ಬಂದರು.

ಬಂದವರು ಗೇಟು ದಾಟಲಿಲ್ಲ. ಒಬ್ಬರು ಮೊಬೈಲ್‌ನಲ್ಲಿ ಕಟ್ಟಡದ ಮುಂಭಾಗದ ಎರಡು ಫೋಟೋ ತೆಗೆದರು. ಇನ್ನೊಬ್ಬರು ಓನರ್‌ಗೆ ಫೋನ್ ಮಾಡಿ ಮಾತಾಡಿದರು. ಆ ಹೆಣ್ಣುಮಗಳು ಬಾಗಿಲು ಪೂರ್ತಿ ತೆರೆದು ನಿಂತಿದ್ದಳು. "ಒಳಗೆ ಬನ್ನಿ ಸಾರ್, ನಲ್ಲಿ ತೋರಿಸ್ತೀನಿ" ಅಂತ ಎರಡು ಸಲ ಕರೆದಳು. "ಬೇಡಮ್ಮ, ನೋಡಿಯಾಯ್ತು" ಅಂದರು. ಕಾಗದದ ಮೇಲೆ ಏನೋ ಬರೆದುಕೊಂಡು ಹೊರಟೇಬಿಟ್ಟರು. ನಾನು ಗಿಡಕ್ಕೆ ನೀರು ಹಾಕುತ್ತಿದ್ದವನು ಪೈಪ್ ಹಿಡಿದುಕೊಂಡು ಹಾಗೇ ನಿಂತಿದ್ದೆ.

ಏನು ನೋಡಿದಿರಿ ಸ್ವಾಮಿ? ಗೇಟಿನ ಬಣ್ಣ ನೋಡಿದಿರಾ? ನಲ್ಲಿ ಇರೋದು ಒಳಗೆ. ಕರೆಂಟು ಹರಿಯೋದು ಗೋಡೆಯೊಳಗೆ.

ಅವರು ಹೋದ ಮೇಲೆ ನಾನು ಟೆಸ್ಟರ್ ತಗೊಂಡು ಹೋದೆ. ಬಚ್ಚಲಿನ ಹೊರಗೋಡೆಯ ಮೇಲೆ ಸ್ವಿಚ್ ಬೋರ್ಡ್ ಇದೆ. ಅದರ ಸುತ್ತ ಒಂದು ಗೇಣು ಅಗಲಕ್ಕೆ ಸುಣ್ಣ ಉಬ್ಬಿ ಎದ್ದಿದೆ. ಕೆಳಗೆ ಕಪ್ಪು ಬೂಷ್ಟು. ಬೋರ್ಡಿನ ಹತ್ತಿರ ಕಿವಿ ಇಟ್ಟರೆ ಸಣ್ಣಗೆ ಗುಂಯ್ ಅನ್ನೋ ಸದ್ದು. ಟೆಸ್ಟರ್ ತುದಿಯನ್ನು ಬೋರ್ಡಿಗಲ್ಲ, ಪಕ್ಕದ ಒದ್ದೆ ಗೋಡೆಗೆ ಹಿಡಿದೆ. ಒಳಗಿನ ದೀಪ ಮಂಕಾಗಿ ಹತ್ತಿಕೊಂಡಿತು. ಹುಡುಗ ನನ್ನ ಪಕ್ಕದಲ್ಲೇ ನಿಂತು "ಮಾಮಾ, ಲೈಟ್ ಬಂತು" ಅಂದ. ಅವನ ಕೈ ಅದೇ ಗೋಡೆಯಿಂದ ಎರಡು ಅಡಿ ದೂರದಲ್ಲಿತ್ತು. ತಕ್ಷಣ ಮೇನ್ ಆಫ್ ಮಾಡಿದೆ. ನಲ್ಲಿಗೂ ಬೋರ್ಡಿಗೂ ಏನು ಸಂಬಂಧ ಅಂತ ಹುಡುಕಿದರೆ ಗೀಸರ್‌ಗೆ ಅರ್ಥಿಂಗ್ ತಂತಿಯೇ ಇಲ್ಲ. ಮೀಟರ್ ಹತ್ತಿರ ಆರ್‌ಸಿಸಿಬಿಯೂ ಇಲ್ಲ. ಅದೊಂದು ಸಣ್ಣ ಡಬ್ಬಿ ಇದ್ದಿದ್ದರೆ 30 ಮಿಲಿ ಆಂಪಿಯರ್ ಸೋರಿದರೂ ಸಾಕು, ಕಣ್ಣು ಮುಚ್ಚಿ ತೆರೆಯೋದರೊಳಗೆ ಕರೆಂಟು ಕಡಿದುಬಿಡುತ್ತಿತ್ತು. ಇಷ್ಟೆಲ್ಲ ಗೊತ್ತಾಗೋಕೆ ನನಗೆ ಬೇಕಾಗಿದ್ದು ಐದು ನಿಮಿಷ.

ನಮ್ಮಪ್ಪ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದದ್ದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಮೂವತ್ತು ವರ್ಷ ಊರ ಮನೆಗಳ ಹಿತ್ತಿಲು, ಚರಂಡಿ, ನೀರಿನ ತೊಟ್ಟಿ ನೋಡಿದ ಮನುಷ್ಯ. ಒಬ್ಬರ ಮನೆಗೆ ಹೋದರೆ ಮೊದಲು ಚಪ್ಪಲಿ ಬಿಡುತ್ತಿದ್ದರು. ಆಮೇಲೆ ಮನೆಯವರ ಅಪ್ಪಣೆ ಕೇಳುತ್ತಿದ್ದರು. ಒಳಗೆ ಹೋಗಿ ಗೋಡೆಗೆ ಅಂಗೈ ಬದಲು ಮುಂಗೈ ಹಿಂಬದಿ ತಾಗಿಸಿ ತೇವ ನೋಡುತ್ತಿದ್ದರು. ಟಾರ್ಚ್ ಬಿಟ್ಟು ತೊಟ್ಟಿಯ ಮೂಲೆ ನೋಡುತ್ತಿದ್ದರು. "ಮನೆ ಒಳಗೆ ಹೋಗದವನು ಮನೆ ನೋಡಿದ ಹಾಗಲ್ಲ" ಅನ್ನೋದು ಅವರ ಮಾತು. ನಿನ್ನೆ ಇಡೀ ದಿನ ಆ ಮಾತೇ ಕಿವಿಯಲ್ಲಿತ್ತು.

ಮನೆ ತಪಾಸಣೆಯ ಅಧಿಕಾರ ಎಲ್ಲಿವರೆಗೆ ಅನ್ನೋ ಜಗಳ ಹೊಸದಲ್ಲ. ಅಮೆರಿಕದಲ್ಲಿ ಇದು ಒಂದಕ್ಕಿಂತ ಹೆಚ್ಚು ಸಲ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅದರಲ್ಲೊಂದು ಬಾಲ್ಟಿಮೋರ್‌ನ ಆರನ್ ಫ್ರಾಂಕ್ ಅನ್ನುವವರ ಪ್ರಕರಣ. ಇಲಿ ಕಾಟ ಅಂತ ದೂರು ಬಂದು ಹೆಲ್ತ್ ಇನ್ಸ್‌ಪೆಕ್ಟರ್ ಹೋದರು. ಮನೆಯವರು ಒಳಗೆ ಬಿಡಲಿಲ್ಲ. 20 ಡಾಲರ್ ದಂಡ ಬಿತ್ತು. 1959ರಲ್ಲಿ ಕೋರ್ಟು ಒಂದೇ ಒಂದು ಮತದ ಅಂತರದಲ್ಲಿ ದಂಡ ಸರಿ ಅಂದಿತು. ಎಂಟು ವರ್ಷ ಕಳೆದ ಮೇಲೆ, 1967ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ರೋಲಂಡ್ ಕಮಾರಾ ಪ್ರಕರಣದಲ್ಲಿ ಅದೇ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಮನೆಯವರು ಬೇಡ ಅಂದರೆ ವಾರಂಟ್ ತರಬೇಕು ಅಂತ ಹೇಳಿತು. ತುರ್ತು ಅಪಾಯ ಇದ್ದರೆ ಮಾತ್ರ ಬೇರೆ ಮಾತು.

ಈ ಕಮಾರಾ ತೀರ್ಪನ್ನು ಎಷ್ಟೋ ಜನ ಅಧಿಕಾರಿಗಳ ಕೈ ಕಟ್ಟಿದ ತೀರ್ಪು ಅಂತ ಓದುತ್ತಾರೆ. ನನಗೆ ಹಾಗನ್ನಿಸಲ್ಲ. ವಾರಂಟ್ ಕೊಡೋಕೆ ಆ ಒಂದು ಮನೆಯ ಮೇಲೇ ಅನುಮಾನ ಇರಬೇಕಾಗಿಲ್ಲ ಅಂತ ಅದೇ ತೀರ್ಪಿನಲ್ಲಿದೆ. ಕಟ್ಟಡ ಯಾವ ಬಗೆಯದು, ಆ ಪ್ರದೇಶದ ಸ್ಥಿತಿ ಹೇಗಿದೆ, ಹಿಂದಿನ ತಪಾಸಣೆ ಆಗಿ ಎಷ್ಟು ಕಾಲ ಆಯ್ತು, ಇಷ್ಟು ನೋಡಿದರೆ ಸಾಕು. ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅದಕ್ಕೊಂದು ಕಾರಣ ಕೊಟ್ಟರು. ಕೆಟ್ಟ ವೈರಿಂಗ್‌ನಂಥ ದೋಷ ಹೊರಗಿನಿಂದ ಕಾಣಲ್ಲ, ಒಳಗೆ ವಾಸ ಮಾಡುವವರಿಗೂ ಎಷ್ಟೋ ಸಲ ಗೊತ್ತಾಗಲ್ಲ ಅಂತ. ನಿನ್ನೆ ಆ ಒದ್ದೆ ಗೋಡೆ ಮುಂದೆ ನಿಂತಾಗ ನನಗೆ ನೆನಪಾಗಿದ್ದು ಈ ಸಾಲು. 1967ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಇಷ್ಟು ವರ್ಷ ಆದ ಮೇಲೂ ಗೇಟಿನಾಚೆ ನಿಂತು "ನೋಡಿಯಾಯ್ತು" ಅಂದರೆ ಹೊಟ್ಟೆ ಉರಿಯಲ್ವಾ?

ಸಂಜೆ ಒಬ್ಬ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ವಕೀಲ. "ಯಾರ್ಯಾರೋ ಮನೆಯೊಳಗೆ ನುಗ್ಗೋಕೆ ದಾರಿ ಮಾಡಿಕೊಡ್ತೀಯಾ? ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿಲ್ವಾ?" ಅಂದ. ನಿಜ, 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅದರ ಮೇಲೆ ನನಗೂ ಗೌರವ ಇದೆ. ರಾತ್ರಿ ಹತ್ತು ಗಂಟೆಗೆ ಬಂದು ಬಾಗಿಲು ಬಡಿಯೋ ಅಧಿಕಾರಿ ನನಗೂ ಬೇಡ. ಆದರೆ ನಿನ್ನೆ ಯಾರ ಖಾಸಗಿತನಕ್ಕೆ ಧಕ್ಕೆ ಆಗುತ್ತಿತ್ತು ಹೇಳಿ. ಒಳಗೆ ಬದುಕುತ್ತಿರೋಳು ಬಾಗಿಲು ತೆರೆದು ಕರೆಯುತ್ತಿದ್ದಳು. ಆ ಮನೆಯಲ್ಲಿ ಮಲಗದ, ಆ ನಲ್ಲಿ ಮುಟ್ಟದ ಓನರ್ ಫೋನಿನಲ್ಲಿ ಏನು ಹೇಳಿದರೋ, ಬಂದವರು ಒಳಗೆ ಹೋಗಲಿಲ್ಲ. ಮನೆ ಬಾಡಿಗೆಗೆ ಕೊಟ್ಟ ಮೇಲೆ ಅದರೊಳಗಿನ ಖಾಸಗಿತನ ಅಲ್ಲಿ ವಾಸ ಮಾಡುವವರದು. ಕರೆಯೋ ಹಕ್ಕೂ ಅವರದು.

"ಅಧಿಕಾರ ಕೊಟ್ಟರೆ ವಸೂಲಿ ಶುರು ಆಗುತ್ತೆ" ಅಂತಲೂ ಅಂದ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದರೆ ವಸೂಲಿಗೆ ಜಾಸ್ತಿ ಅನುಕೂಲ ಗೇಟಿನಾಚೆಯೇ. ಅಲ್ಲಿ ಏನು ನೋಡಿದರು, ಏನು ಬರೆದರು ಅಂತ ಯಾರಿಗೂ ಗೊತ್ತಾಗಲ್ಲ. ಒಳಗೆ ಬಂದು, ವಾಸ ಇರುವವರ ಎದುರಿಗೇ ನೋಡಿ, ನೋಡಿದ್ದನ್ನು ಬರೆದು, ಅವರ ಸಹಿ ಹಾಕಿಸಿ, ಒಂದು ಪ್ರತಿ ಅವರ ಕೈಗೆ ಕೊಟ್ಟು ಹೋಗಲಿ. ಆಮೇಲೆ ಆ ಕಾಗದವನ್ನು ಮುಚ್ಚಿಡೋದು ಅಷ್ಟು ಸುಲಭ ಅಲ್ಲ.

ಇಂಗ್ಲೆಂಡಿನ 2004ರ ಹೌಸಿಂಗ್ ಕಾಯ್ದೆಯಲ್ಲಿ ಇದಕ್ಕೊಂದು ಕ್ರಮ ಇದೆ. ತಪಾಸಣೆಗೆ ಕಡೇಪಕ್ಷ 24 ಗಂಟೆ ಮುಂಚೆ ತಿಳಿಸಬೇಕು. ಓನರ್‌ಗೂ ತಿಳಿಸಬೇಕು, ವಾಸ ಇರುವವರಿಗೂ ತಿಳಿಸಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಬರೋ ಹಾಗಿಲ್ಲ. ಬಿಡಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಹತ್ತಿರ ವಾರಂಟ್ ತರಬಹುದು. ಇದರಲ್ಲಿ ಯಾರ ಮಾನಕ್ಕೆ ಕುಂದು ಬಂತು?

ಅಲ್ಲೂ ಎಲ್ಲಾ ಸರಿ ಇಲ್ಲ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಅನ್ನೋ ಊರಲ್ಲಿ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು ತೀರಿಕೊಂಡಿತು. ಕಾರಣ ಮನೆಯ ಗೋಡೆಯ ಬೂಷ್ಟು. ಅವರಪ್ಪ 2017ರಲ್ಲೇ ದೂರು ಹೇಳಿದ್ದರು. ಅದರ ಮೇಲೆ ಬಣ್ಣ ಬಳಿದುಕೊಳ್ಳಿ ಅಂತ ಮನೆ ಬಾಡಿಗೆಗೆ ಕೊಟ್ಟ ಸಂಸ್ಥೆಯವರು ಅಂದಿದ್ದರಂತೆ. ಇದನ್ನು ಓದಿದಾಗ ನಾನು ಎದ್ದು ಹೋಗಿ ಸ್ವಲ್ಪ ಹೊತ್ತು ಹೊರಗೆ ಕೂತಿದ್ದೆ. ಆ ಮಗುವಿನ ಹೆಸರಿನಲ್ಲೇ ಈಗ ಅಲ್ಲಿ ಕಾನೂನಿದೆ. ಸಾಮಾಜಿಕ ವಸತಿಯ, ಅಂದರೆ ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ, ಮನೆಗಳಲ್ಲಿ ಜೀವಕ್ಕೆ ತುರ್ತು ಅಪಾಯ ಇದ್ದರೆ 24 ಗಂಟೆಯೊಳಗೆ ಕ್ರಮ ತಗೋಬೇಕು. ತೇವ, ಬೂಷ್ಟು ಜೋರಾಗಿದ್ದರೆ ಹತ್ತು ಕೆಲಸದ ದಿನಗಳೊಳಗೆ ಪರೀಕ್ಷೆ ಮಾಡಬೇಕು. 2025ರ ಅಕ್ಟೋಬರ್‌ನಿಂದ ಇದು ಜಾರಿಗೆ ಬಂದಿದೆ. ಮಗು ಹೋದ ಮೇಲೆ ಬಂದ ಕಾನೂನು ಅದು. ಇಲ್ಲಿ ಚಪ್ಪಲಿ ಹಾಕಿಕೊಳ್ಳಿ, ಅಲ್ಲಿ ಬಣ್ಣ ಬಳಿದುಕೊಳ್ಳಿ.

ನಮ್ಮಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಗಟ್ಟಿಯಾದ ಆದೇಶ ಕೊಟ್ಟಿದೆ. ಕಟ್ಟುವಾಗ ಮಂಜೂರಾದ ಪ್ಲ್ಯಾನ್ ಜಾಗದಲ್ಲೇ ಕಾಣುವಂತೆ ಹಾಕಿರಬೇಕು. ಅಧಿಕಾರಿಗಳು ಆಗಾಗ ಹೋಗಿ ನೋಡಬೇಕು, ನೋಡಿದ್ದನ್ನು ದಾಖಲೆ ಮಾಡಬೇಕು. ಕಟ್ಟಡ ಪೂರ್ತಿಯಾದ ಸರ್ಟಿಫಿಕೇಟ್ ಇಲ್ಲದೆ ಕರೆಂಟು, ನೀರು, ಒಳಚರಂಡಿ ಕೊಡಬಾರದು. ಓದಿ ತುಂಬಾ ಖುಷಿಪಟ್ಟೆ. ಆದರೆ ಇದೆಲ್ಲ ಹೆಚ್ಚಾಗಿ ಮನೆ ಕಟ್ಟುವಾಗಿನ ಮಾತು. ಗೃಹಪ್ರವೇಶ ಆದ ಹದಿನೈದು ವರ್ಷಕ್ಕೆ ಪೈಪ್ ಜಿನುಗುತ್ತೆ, ತಂತಿಯ ಸಿಪ್ಪೆ ಒಡೆಯುತ್ತೆ. ಆ ಹೊತ್ತಿಗೆ ಸರ್ಟಿಫಿಕೇಟ್ ಓನರ್ ಬೀರುವಿನಲ್ಲಿ ಬೆಚ್ಚಗಿರುತ್ತೆ. ಆಗ ಒಳಗೆ ಬಂದು ನೋಡೋರು ಬೇಕು.

ಒಂದು ವಿಷಯ ಹೇಳಿಬಿಡಬೇಕು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಾವು ಬಾಡಿಗೆ ಮನೆಯಲ್ಲಿದ್ದಾಗ, ಎರಡನೇ ಮಹಡಿಯಲ್ಲಿ, ಒಬ್ಬ ಅಧಿಕಾರಿ ನಿಜವಾಗಿಯೂ ಒಳಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಎಲ್ಲಾ ನೋಡಿ ಕೊನೆಗೆ ಕೇಳಿದರು, "ತಾರಸಿ ಬಾಗಿಲಿಗೆ ಯಾವಾಗಲೂ ಬೀಗ ಹಾಕಿರ್ತಾರಾ?" ನಾನು "ಇಲ್ಲ ಸರ್, ತೆರೆದೇ ಇರುತ್ತೆ" ಅಂದೆ. ಸುಳ್ಳು. ಬೀಗ ಯಾವಾಗಲೂ ಇರುತ್ತಿತ್ತು. ಹಿಂದಿನ ದಿನ ಓನರ್ ಬಂದು, ಬಾಯಿ ಬಿಟ್ಟರೆ ಮನೆ ಖಾಲಿ ಮಾಡಬೇಕಾಗುತ್ತೆ ಅಂದಿದ್ದರು. ಮಗಳ ಪರೀಕ್ಷೆ ಹತ್ತಿರ ಇತ್ತು. ಹೆದರಿದೆ.

ಆರು ತಿಂಗಳಿಗೆ ಕೆಳಗಿನ ಮೀಟರ್ ಬೋರ್ಡ್ ಹೊತ್ತಿಕೊಂಡಿತು. ಹೊಗೆ ಎಲ್ಲಾ ಮೆಟ್ಟಿಲಲ್ಲೇ ಮೇಲಕ್ಕೆ ಬಂತು. ಕೆಳಗೆ ಇಳಿಯೋ ಹಾಗಿಲ್ಲ. ಅಪ್ಪನನ್ನು ಹಿಡಿದುಕೊಂಡು ಮೇಲಕ್ಕೆ ಓಡಿದೆವು. ಬೀಗ. ಮೂರನೇ ಮಹಡಿಯವರ ಸುತ್ತಿಗೆಯಿಂದ ಕೊಂಡಿ ಒಡೆದು ತಾರಸಿಗೆ ಬಂದಾಗ ಅಪ್ಪ ಕೆಮ್ಮುತ್ತಾ ನೆಲದ ಮೇಲೆ ಕೂತುಬಿಟ್ಟರು. ಉಸಿರು ಹಿಡಿತಕ್ಕೆ ಬಂದ ಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: "ಅವತ್ತು ಆ ಇನ್ಸ್‌ಪೆಕ್ಟರ್ ಕೇಳಿದಾಗ ಏನಂದಿದ್ದೆ?" ಆಗ ಮನೆಯೊಳಗೇ ಕೂತು ಕೇಳಿಸಿಕೊಂಡಿದ್ದರು. ನಾನು ಉತ್ತರ ಕೊಡಲಿಲ್ಲ. ಮತ್ತೆ ಯಾವತ್ತೂ ಅವರು ಅದನ್ನು ಎತ್ತಲಿಲ್ಲ.

ಅದಕ್ಕೇ ಬಾಡಿಗೆದಾರರು ಯಾಕೆ ದೂರು ಕೊಡಲ್ಲ ಅಂತ ಯಾರಾದರೂ ಕೇಳಿದರೆ ನನಗೆ ಕೋಪ ಬರುತ್ತೆ. ದೂರು ಕೊಟ್ಟವರಿಗೆ ಕಾವಲು ಎಲ್ಲಿದೆ? ಇಂಗ್ಲೆಂಡಿನವರು 2015ರಲ್ಲಿ ಇದಕ್ಕೊಂದು ದಾರಿ ಮಾಡಿದರು. ಬಾಡಿಗೆದಾರ ದೂರು ಕೊಟ್ಟು, ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಬಂದು ನೋಡಿ ರಿಪೇರಿಗೆ ನೋಟಿಸ್ ಕೊಟ್ಟರೆ, ಮುಂದಿನ ಆರು ತಿಂಗಳು ಓನರ್ ಕಾರಣ ಹೇಳದೆ ಖಾಲಿ ಮಾಡಿಸೋ ಹಾಗಿರಲಿಲ್ಲ. ಆದರೆ ಗಮನಿಸಿ, ಅದಕ್ಕೂ ನೋಟಿಸ್ ಬೇಕಿತ್ತು. ನೋಟಿಸ್ ಬರಬೇಕಾದರೆ ತಪಾಸಣೆ ಸರಿಯಾಗಿ ಆಗಬೇಕು. ಗೇಟಿನಾಚೆಯೇ ಕೆಲಸ ಮುಗಿಸಿದರೆ ಆ ರಕ್ಷಣೆಯೂ ಇಲ್ಲ. ದೂರು ಕೊಟ್ಟ ಹೆಸರು ಮಾತ್ರ ಓನರ್ ಕಿವಿಗೆ ಬಿದ್ದಿರುತ್ತೆ.

ನಿನ್ನೆ ಸಂಜೆ ಆಗಿದ್ದೂ ಅದೇ. ಓನರ್ ಫೋನ್ ಬಂತಂತೆ. "ಕಚೇರಿಯವರೇ ಸರಿ ಇದೆ ಅಂದಿದ್ದಾರೆ. ನಿಮಗೆ ಆಗದಿದ್ರೆ ಬೇರೆ ಮನೆ ನೋಡಿಕೊಳ್ಳಿ." ತಪಾಸಣೆಗೆ ಯಾರೂ ಬರದೇ ಇದ್ದಿದ್ದರೆ ಆ ಸಂಸಾರದ ಕೈಯಲ್ಲಿ ದೂರಾದರೂ ಉಳಿಯುತ್ತಿತ್ತು. ಈಗ ಆ ಎರಡು ಫೋಟೋ ಅವರ ವಿರುದ್ಧವೇ ಸಾಕ್ಷಿಯಾಗಿದೆ.

ಇವತ್ತು ಬೆಳಗ್ಗೆ ಎಲೆಕ್ಟ್ರಿಷಿಯನ್ ಕರೆಸಿ ಗೀಸರ್ ಲೈನ್ ಬಿಚ್ಚಿಸಿದೆವು. ಮಿಕ್ಕ ಲೈನ್ ಸದ್ಯಕ್ಕೆ ಅಪಾಯ ಇಲ್ಲ ಅಂದರು. ಆಮೇಲೆ ನಾನು ಮತ್ತೊಂದು ಅರ್ಜಿ ಬರೆದೆ. ಮರುತಪಾಸಣೆ ಆಗಬೇಕು, ವಾಸ ಇರುವವರ ಎದುರಿಗೇ ಆಗಬೇಕು, ವರದಿಯ ಪ್ರತಿ ಅವರಿಗೆ ಕೊಡಬೇಕು ಅಂತ. ಜೊತೆಗೆ ಗೋಡೆಯ ಫೋಟೋ, ಟೆಸ್ಟರ್ ಹತ್ತಿದ್ದರ ವಿಡಿಯೋ. ಆ ತಂಗಿ ಅರ್ಜಿ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ನಿಂತಿದ್ದಳು. "ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು ಅಣ್ಣಾ?" ಅಂದಳು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಅವತ್ತು ನಾನು ಹೇಳಿದ ಸುಳ್ಳಿನ ಕಥೆ ಹೇಳಿದೆ. ಕೇಳಿ, ಮಗನನ್ನು ಕಂಕುಳಿಂದ ಇಳಿಸಿ, ಪೆನ್ ಕೇಳಿದಳು.

ನಾಳೆ ಹನ್ನೊಂದು ಗಂಟೆಗೆ ಇಬ್ಬರೂ ಕಚೇರಿಗೆ ಹೋಗುತ್ತಿದ್ದೇವೆ.