ಅರವತ್ತರ ನಂತರವೂ ಓಡಬಹುದು

ಅರವತ್ತು ದಾಟಿದವರಿಗೆ ನಡಿಗೆಯೇ ಸಾಕು, ಓಟ ಬೇಡ ಎಂದು ಲೇಖನವೊಂದರಲ್ಲಿ ಓದಿದೆ. ಆ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ನನಗೀಗ 63. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಶುರು ಮಾಡಿದವನು, ಹತ್ತು ತಿಂಗಳ ಬಳಿಕ 21.1 ಕಿ.ಮೀ.ಗಳ ಅರ್ಧ ಮ್ಯಾರಥಾನ್ ಓಡಿ ಮುಗಿಸಿದೆ. ಎರಡು ಗಂಟೆ ಐವತ್ತು ನಿಮಿಷ ಹಿಡಿಯಿತು. ಹದಿನೇಳನೆಯ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡಿತು. ಆಗ ರಸ್ತೆ ಬದಿಯಲ್ಲಿ ಹುಡುಗಿಯೊಬ್ಬಳು ಕೈಗಿತ್ತ, ಉಪ್ಪು ಸವರಿದ ಕಿತ್ತಳೆ ತೊಳೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಪಂಜಾಬ್ ಮೂಲದ ಬ್ರಿಟಿಷ್ ಓಟಗಾರ ಫೌಜಾ ಸಿಂಗ್ ಅವರು ಲಂಡನ್ ಮ್ಯಾರಥಾನ್ ಓಡಿದ್ದು 2000ದಲ್ಲಿ, ತಮ್ಮ 89ರ ವಯಸ್ಸಿನಲ್ಲಿ! ಆದರೆ ಹೃದಯದ ತಪಾಸಣೆ ಮಾಡಿಸದೆ ದಯವಿಟ್ಟು ಯಾರೂ ಓಟಕ್ಕೆ ಇಳಿಯಬೇಡಿ. ನಮ್ಮ ವಯಸ್ಸಿನಲ್ಲಿ ಸ್ನಾಯುಗಳು ಸುಧಾರಿಸಿಕೊಳ್ಳಲು ಹೆಚ್ಚು ಸಮಯ ಬೇಕು. ದೂರದ ಓಟದ ಮರುದಿನ ನಾನು ಶೂ ಮುಟ್ಟುವುದಿಲ್ಲ.