ಎಳ್ಳು ಬೆಲ್ಲ ತಿಂದು ಗುಡ್ ಮಾತಾಡಿ

ಸಂಕ್ರಾಂತಿ ದಿನ ಸಂಜೆ ಕಾಲಿಂಗ್ ಬೆಲ್ ಆಯಿತು. ತೆಗೆದರೆ ಎದುರು ಮನೆಯ ಪುಟ್ಟಿ. ಎಂಟು ವರ್ಷ. ರೇಷ್ಮೆ ಲಂಗ, ಜಡೆಗೆ ಕುಚ್ಚು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಒಂದು ಗೇಣು ಕಬ್ಬು, ಎರಡು ಏಲಕ್ಕಿ ಬಾಳೆ. ಪುಟ್ಟಿ ಒಂದು ಸಲ ಉಸಿರು ಎಳೆದುಕೊಂಡು, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದಳು. ಒಂದಕ್ಷರ ತಪ್ಪಿಲ್ಲ. ಳಕಾರ ಕೂಡ ಸರಿಯಾಗಿತ್ತು.

ಮದ್ದೂರಿನಿಂದ ಬಂದಿದ್ದ ನಮ್ಮಮ್ಮನಿಗೆ ಹೃದಯ ತುಂಬಿ ಬಂತು. "ಅಯ್ಯೋ ನನ್ ಕಂದ, ಎಷ್ಟು ಚೆಂದಾಗ್ ಹೇಳ್ತೀಯವ್ವ! ಏನ್ ಮಗ ನಿನ್ ಹೆಸ್ರು?" ಎಂದು ಕೇಳಿದರು.

ಪುಟ್ಟಿ ಸ್ವಲ್ಪ ಯೋಚಿಸಿದಳು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದಳು.

ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿರಬೇಕು. "ಅಲ್ಲ ಮಗ, ಎಷ್ಟನೇ ಕ್ಲಾಸು ಅಂದೆ?" ಎಂದರು. ಪುಟ್ಟಿ ಹಿಂದೆ ನಿಂತಿದ್ದ ತನ್ನ ಅಮ್ಮನನ್ನು ನೋಡಿದಳು, ಮತ್ತೆ ನಮ್ಮಮ್ಮನನ್ನು ನೋಡಿದಳು, ಮೂರನೇ ಸಲವೂ ಎಳ್ಳು ಬೆಲ್ಲ ತಿನ್ನಿಸಿದಳು. ಆಗ ಆಕೆಯ ಅಮ್ಮ ನಗುತ್ತಾ ಅಂದರು: "ಆಂಟಿ, ಅವಳಿಗೆ ಎಲ್ಲಾ ಅರ್ಥ ಆಗುತ್ತೆ. ರಿಪ್ಲೈ ಮಾಡಲ್ಲ ಅಷ್ಟೇ."

ಎಲ್ಲಾ ಅರ್ಥ ಆಗುತ್ತೆ, ಮಾತಾಡಲ್ಲ. ಈ ಮಾತನ್ನು ಬೆಂಗಳೂರಿನಲ್ಲಿ ನಾನು ಎಷ್ಟು ಮನೆಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಊರಲ್ಲಿ ನಮ್ಮ ಕರಿಯ ಅನ್ನೋ ನಾಯಿ ಬಗ್ಗೆ ನಮ್ಮಪ್ಪ ಹೇಳುತ್ತಿದ್ದದ್ದೂ ಇದನ್ನೇ, ಅದೂ ಇದೇ ಹೆಮ್ಮೆಯಿಂದ.

ಅಂದಹಾಗೆ ಎದುರು ಮನೆಯವರು ಹೊರಗಿನವರೇನಲ್ಲ. ಅಪ್ಪ ಅಮ್ಮ ಇಬ್ಬರೂ ಹಾಸನದವರು. ಬೆಳಿಗ್ಗೆ ಏಳೂಕಾಲಿಗೆ, ಸ್ಕೂಲ್ ಬಸ್ ಬರುವ ಹೊತ್ತಿಗೆ, ಆ ಮನೆಯ ಬಾಗಿಲ ಸಂದಿಯಿಂದ ಹಾಸನದ ಅಚ್ಚ ಕನ್ನಡ ಕಾರಿಡಾರಿಗೆಲ್ಲ ಹರಿಯುತ್ತದೆ. ಶೂ ಸಿಗದಿದ್ದಾಗ, ಹಾಲು ಚೆಲ್ಲಿದಾಗ, ಡೈರಿಗೆ ಸೈನ್ ಹಾಕಿಸದೆ ಮರೆತಾಗ. ಬಸ್ಸು ಹೋದ ಮೇಲೆ ಇಂಗ್ಲಿಷ್ ವಾಪಸ್ ಬರುತ್ತದೆ. ಅದನ್ನು ಆಮೇಲೆ ನೋಡೋಣ.

ಈಗ ಶುಭಾಶಯದ ವಿಷಯ. ಅವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಫೋನಿನಲ್ಲಿ ನಲವತ್ತೆರಡು ಸಂಕ್ರಾಂತಿಗಳು ಬಂದು ಕೂತಿದ್ದವು. ಒಂದು ಬ್ಯಾಂಕಂತೂ ಒಂದೇ ಚಿತ್ರದಲ್ಲಿ ಲೋಹ್ರಿ, ಪೊಂಗಲ್, ಬಿಹು, ಉತ್ತರಾಯಣ, ಮಕರ ಸಂಕ್ರಾಂತಿ ಎಲ್ಲವನ್ನೂ ತುಂಬಿ, ಮೇಲೊಂದು ಗಾಳಿಪಟ ಕೆಳಗೊಂದು ಸಾಲದ ಬಡ್ಡಿದರ ಹಾಕಿ ಕಳಿಸಿತ್ತು. ಯುಗಾದಿಗೆ ಇದೇ ಬ್ಯಾಂಕು "ನಿಮಗೆ ಸಂತೋಷದ ಯುಗಾದಿಯನ್ನು ಬಯಸುತ್ತೇವೆ" ಎಂದಿತ್ತು. ಯಾವುದೋ ಯಂತ್ರ ಬರೆದ ಕನ್ನಡ ಅಂತ ಗೊತ್ತಾಗುತ್ತದೆ. ಪಾಪ ಅದಕ್ಕೂ ಎಲ್ಲಾ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳನ್ನೇ ನೋಡಿ. ಆರು ಭಾಷೆಯಲ್ಲಿ ಹಬ್ಬದ ಶುಭಾಶಯ ಹೇಳುತ್ತಾರೆ. ವಿಡಿಯೋ ಕೂಡ ಆಗಿದೆ, ಆರು ಮಕ್ಕಳು ಆರು ಬಣ್ಣದ ಬಟ್ಟೆಯಲ್ಲಿ, ಕೊನೆಗೆ ಎಲ್ಲರೂ ಸೇರಿ "ಯೂನಿಟಿ ಇನ್ ಡೈವರ್ಸಿಟಿ" ಅಂತ ಕಿರುಚಿ. ಆದರೆ ಹೊಟ್ಟೆ ನೋಯ್ತಿದೆ ಅಂತ ಅಜ್ಜಿಗೆ ಹೇಳಲು ಈ ಆರು ಭಾಷೆಯಲ್ಲಿ ಒಂದೂ ಬರುವುದಿಲ್ಲ. ಅಜ್ಜಿಯೇ ಹೊಟ್ಟೆ ಮುಟ್ಟಿ ನೋಡಿ ತಿಳಿದುಕೊಳ್ಳಬೇಕು.

ನನಗೆ ನೆನಪಿದ್ದ ಹಾಗೆ ನಮ್ಮ ತಾತ ಯಾವತ್ತೂ ಯಾರಿಗೂ "ಹಾರ್ದಿಕ ಶುಭಾಶಯಗಳು" ಎಂದವರಲ್ಲ. ಹಬ್ಬದ ದಿನ ದಾರಿಯಲ್ಲಿ ಯಾರಾದರೂ ಸಿಕ್ಕರೆ "ಏನ್ಲಾ, ಹಬ್ಬ ಜೋರಾ? ಒಬ್ಬಟ್ಟು ಎಷ್ಟು ಹೊಡ್ದೆ?" ಎನ್ನುತ್ತಿದ್ದರು. ಅದೇ ಶುಭಾಶಯ. ಅವನು ಎಂಟು ಅಂದರೆ ಇವರು ಹನ್ನೆರಡು ಅನ್ನುತ್ತಿದ್ದರು, ಅಲ್ಲಿಂದ ಮಾತು ತೊಗರಿಬೇಳೆ ರೇಟಿಗೆ ಹೋಗಿ, ಕೆರೆ ನೀರಿಗೆ ಬಂದು, ಯಾರದ್ದೋ ಮಗಳ ಮದುವೆಯಲ್ಲಿ ನಿಲ್ಲುತ್ತಿತ್ತು. ಉತ್ತರ ಕರ್ನಾಟಕದ ಕಡೆ ದಸರಾದಲ್ಲಿ ಬನ್ನಿ ಎಲೆ ಕೈಗಿಟ್ಟು "ಬಂಗಾರದಂಗ ಇರೋಣ" ಅನ್ನುತ್ತಾರಲ್ಲ, ಅದಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು, ಅವನ ಕೈಯಲ್ಲೂ ಎಲೆ ಬೇಕು, ಹೋದ ವರ್ಷ ಬದುವಿಗೆ ಜಗಳ ಆಡಿದ್ದರೆ ಇವತ್ತು ಮುಖ ನೋಡಿ ನಗಬೇಕು. ಮಲೆನಾಡಿನಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ಅವರನ್ನು ಮ್ಯೂಟ್ ಮಾಡೋಕೆ ಆಗಲ್ಲ.

ಈಗಿನ ಶುಭಾಶಯಕ್ಕೆ ಉತ್ತರ ಬೇಕಿಲ್ಲ. ಕೈ ಮುಗಿದ ಚಿತ್ರ ಒತ್ತಿದರೆ ಮುಗಿಯಿತು. ಕಾಗುಣಿತವೂ ಬೇಕಿಲ್ಲ. ನಮ್ಮ ಸರ್ಕಲ್ಲಿನಲ್ಲಿ ಕಟ್ಟಿರುವ ಫ್ಲೆಕ್ಸ್‌ನಲ್ಲಿ "ನಾಡಿನ ಸಮಸ್ಥ ಜನತೆಗೆ ಹಬ್ಬದ ಹಾರ್ಧಿಕ ಶುಭಾಷಯಗಳು" ಅಂತಿದೆ. ಒಂದೇ ಸಾಲಿನಲ್ಲಿ ಮೂರು ತಪ್ಪು. ಮೇಲೆ ದೊಡ್ಡ ಮುಖ ಒಂದು, ಅದರ ಕೆಳಗೆ ಮಧ್ಯಮ ಮುಖ ನಾಲ್ಕು, ಇನ್ನೂ ಕೆಳಗೆ ಸ್ಟಾಂಪ್ ಸೈಜಿನ ಮುಖ ಮೂವತ್ತಾರು. ನಲವತ್ತೊಂದು ಜನ ಸೇರಿ ಒಂದು ಶುಭಾಶಯ ಹೇಳಿದ್ದಾರೆ, ಅದರಲ್ಲಿ ಒಬ್ಬರೂ ಅದನ್ನು ಓದಿ ನೋಡಿಲ್ಲ. ಭಾಷಾಭಿಮಾನಿ ಸಂಘದ ಬ್ಯಾನರ್ ಇದು ಅಂತ ಬೇರೆ ಹೇಳಬೇಕಾ?

ಇನ್ನು ನವೆಂಬರ್. ನಮ್ಮಲ್ಲಿ ರಾಜ್ಯೋತ್ಸವ 1ನೇ ತಾರೀಕೇ ಆಗಬೇಕು ಅಂತ ಏನಿಲ್ಲ, ಕ್ಲಬ್‌ಹೌಸ್ ಖಾಲಿ ಇರುವ ಶನಿವಾರ ಆಗುತ್ತದೆ. ಡ್ರೆಸ್ ಕೋಡ್ ಹಳದಿ ಕೆಂಪು. ನಿರೂಪಕಿ "ಗುಡ್ ಈವ್ನಿಂಗ್ ಕನ್ನಡಿಗಾಸ್!" ಎಂದು ಶುರು ಮಾಡಿದರು. ನಾಡಗೀತೆ ಸ್ಪೀಕರಿನಿಂದ ಬಂತು, ನಾವು ತುಟಿ ಅಲ್ಲಾಡಿಸಿದೆವು. ಆಮೇಲೆ ಆರನೇ ಕ್ಲಾಸಿನ ಹುಡುಗನೊಬ್ಬನ ಭಾಷಣ. ಅವನ ಕೈಯಲ್ಲಿ ಒಂದು ಹಾಳೆ, ಹಾಳೆಯಲ್ಲಿ ಕನ್ನಡ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಆ ಅಕ್ಷರದಲ್ಲಿ ನಡು, ನಾಡು ಎರಡನ್ನೂ ಒಂದೇ ಥರ ಬರೆಯುತ್ತಾರೆ. ಹುಡುಗನಿಗೆ ಸಿಕ್ಕಿದ್ದು ನಡು.

"ಹರಿದು ಹಂಚಿಹೋಗಿದ್ದ ನಮ್ಮ ನಡು 1956ರ ನವೆಂಬರ್ 1ರಂದು ಒಂದಾಯಿತು" ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಅರಿವಿಲ್ಲದೆ ಸೊಂಟ ಮುಟ್ಟಿಕೊಂಡರು. "1973ರಲ್ಲಿ ನಡುವಿಗೆ ಕರ್ನಾಟಕ ಎಂದು ಹೆಸರಿಡಲಾಯಿತು." ಚಪ್ಪಾಳೆ. "ನಮ್ಮ ನಡುವಿಗಾಗಿ ಪ್ರಾಣ ಕೊಟ್ಟವರನ್ನು ನೆನೆಯೋಣ." ಇನ್ನೂ ಜೋರು ಚಪ್ಪಾಳೆ. ಕೊನೆಗೆ "ಮಾತೃಭಾಷೆಯನ್ನು ಮರೆಯದಿರೋಣ" ಅನ್ನಬೇಕಿತ್ತು, ಅದು "ಮಾತ್ರೆ ಭಾಷೆ" ಎಂದು ಹೊರಬಂತು. ಇಡೀ ಭಾಷಣದಲ್ಲಿ ಅವನು ಹೇಳಿದ ಒಂದೇ ನಿಜ ಅದು. ಮಾತ್ರೆಯೇ ತಾನೇ, ವರ್ಷಕ್ಕೊಂದು, ಊಟ ಆದ ಮೇಲೆ, ನೀರಿನ ಜೊತೆ. ಹುಡುಗನಿಗೆ ಮೊದಲ ಬಹುಮಾನ ಬಂತು. ಬಹುಮಾನ ಏನು ಗೊತ್ತಾ? ಇಂಗ್ಲಿಷ್ ಡಿಕ್ಷನರಿ.

ಸ್ಕೂಲಿನವರು ಏನು ಮಾಡ್ತಾರೆ ಅಂತ ಕೇಳಬೇಡಿ. ಕಾನೂನಿಗೇನೂ ಕೊರತೆ ಇಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯಲ್ಲೇ ಕಲಿಸಿ ಅಂತ ಸರ್ಕಾರ ಶಾಲೆಗಳನ್ನು ಬಲವಂತ ಮಾಡುವ ಹಾಗಿಲ್ಲ ಎಂದಿತು. ಸರಿ, ಕನ್ನಡ ಮಾಧ್ಯಮ ಬೇಡ, ಒಂದು ಸಬ್ಜೆಕ್ಟ್ ಆದರೂ ಇರಲಿ ಅಂತ 2015ರಲ್ಲಿ ಕನ್ನಡ ಕಲಿಕೆಯ ಕಾನೂನು ಬಂತು, ಮೊದಲನೇ ಭಾಷೆಯಾಗಿಯೋ ಎರಡನೇ ಭಾಷೆಯಾಗಿಯೋ ಕಲಿಸಲೇಬೇಕು ಅಂತ. ಅದರಿಂದ ಒಂದು ಹೊಸ ಉದ್ಯೋಗ ಹುಟ್ಟಿತು. ಕನ್ನಡದ ಮನೆಯಲ್ಲಿ, ಕನ್ನಡದ ಅಪ್ಪ ಅಮ್ಮನ ಮಗುವಿಗೆ, ಕನ್ನಡದ ಟ್ಯೂಷನ್. ಎದುರು ಮನೆಗೂ ವಾರಕ್ಕೆ ಎರಡು ದಿನ ಮಿಸ್ಸು ಬರುತ್ತಾರೆ. ಅವರು ಒಳಗೆ "ಅ ಅರಸ, ಆ ಆನೆ" ಹೇಳಿಕೊಡುವಾಗ ಅಪ್ಪ ಅಮ್ಮ ಹಾಲಿನಲ್ಲಿ ಕೂತು ಪಿಸುಮಾತಿನಲ್ಲಿ ಕನ್ನಡ ಮಾತಾಡುತ್ತಾರೆ, ಮಗುವಿಗೆ ಡಿಸ್ಟರ್ಬ್ ಆಗಬಾರದು ಅಂತ.

2024ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು. ಒಳ್ಳೇದೇ. ನಮ್ಮ ರೋಡಿನ ಅಂಗಡಿಯವರೆಲ್ಲ ಟೇಪು ಹಿಡಿದು ಅಳೆದು ಬರೆಸಿದರು. ಹೊರಗೆ ಶೇ 60 ಬೋರ್ಡು, ಗಲ್ಲಾದ ಮೇಲೆ "ಇಪ್ಪತ್ತೇಳು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಸ್ಪಷ್ಟವಾಗಿ ಹೇಳುವ ಸೌಂಡ್ ಬಾಕ್ಸು, ಅದರ ಮುಂದೆ ನಿಂತುಕೊಂಡು "ಅಂಕಲ್, ಇಪ್ಪತ್ತೇಳು ಅಂದ್ರೆ ಟ್ವೆಂಟಿ ಸೆವೆನ್ನಾ?" ಅಂತ ಕೇಳುವ ನಮ್ಮ ಮಗ. ಹೌದು, ನನ್ನ ಮಗನೇ. ಎದುರು ಮನೆಯವರನ್ನು ಇಷ್ಟು ಹೊತ್ತು ಆಡಿಕೊಂಡ ನನಗೆ ಟೇಪು ಹಿಡಿದು ನಮ್ಮ ಮನೆಯೊಳಗೆ ಬರುವ ಧೈರ್ಯ ಯಾರಿಗೂ ಇಲ್ಲ ಅನ್ನೋದೊಂದೇ ಸಮಾಧಾನ.

ಯಾಕೆಂದರೆ ಶುರು ಮಾಡಿದ್ದು ನಾವೇ. ಮಗು ಇನ್ನೂ ಹಲ್ಲು ಬರದೆ ಜೊಲ್ಲು ಸುರಿಸುವಾಗ ಬಾಲ್ಕನಿಯಲ್ಲಿ ಎತ್ತಿಕೊಂಡು "ಅಲ್ಲಿ ನೋಡು ಕೌ! ಕೌ ನೋಡು!" ಎಂದೆವು. ಆ ಹಸು ಮಂಡ್ಯದ್ದಿರಬೇಕು, ಅದೂ ತಿರುಗಿ ನೋಡಿತು. "ಹ್ಯಾಂಡ್ ವಾಷ್ ಮಾಡು, ಈಟ್ ಮಾಡು, ಸ್ಲೀಪ್ ಮಾಡು" ಎಂದೆವು. ಕನ್ನಡದಲ್ಲಿ ಉಳಿದದ್ದು "ಮಾಡು" ಒಂದೇ. ಮುದ್ದು ಇಂಗ್ಲಿಷಿನಲ್ಲಿ, ಕಥೆ ಇಂಗ್ಲಿಷಿನಲ್ಲಿ, ಸಾರಿ ಥ್ಯಾಂಕ್ಯೂ ಇಂಗ್ಲಿಷಿನಲ್ಲಿ. ಸಿಟ್ಟು ಮಾತ್ರ ಕನ್ನಡದಲ್ಲಿ, ಏಕೆಂದರೆ ಸಿಟ್ಟು ಬಂದಾಗ ನಮಗೆ ಇಂಗ್ಲಿಷ್ ಬರಲ್ಲ. ಹಾಗಾಗಿ ಮಗುವಿನ ಲೆಕ್ಕದಲ್ಲಿ ಕನ್ನಡ ಅಂದರೆ ಏನೋ ಒಡೆದುಹೋದಾಗ ದೊಡ್ಡವರು ಆಡುವ ಭಾಷೆ.

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮಗಳದ್ದು ಇನ್ನೊಂದು ಕಥೆ. ಅಲ್ಲಿ ಕನ್ನಡ ಕೂಟಗಳಿವೆ, ಕೂಟಗಳೆಲ್ಲ ಸೇರಿ ಕಟ್ಟಿಕೊಂಡ "ಅಕ್ಕ" ಇದೆ, ಎರಡು ವರ್ಷಕ್ಕೊಮ್ಮೆ ಸಮ್ಮೇಳನ ಇದೆ, ಅಲ್ಲೂ ಶಾಲು ಹಾರ ಭಾಷಣಕ್ಕೆ ಏನೂ ಬರ ಇಲ್ಲ. ಆದರೆ ಇವಳು ಭಾನುವಾರ ಭಾನುವಾರ ನಲವತ್ತು ನಿಮಿಷ ಕಾರಿನಲ್ಲಿ ಕೂತು ಕನ್ನಡ ಕ್ಲಾಸಿಗೆ ಹೋಗಿ, ಒತ್ತಕ್ಷರ ಕಲಿತು, "ಹಣ್ಣಿನ ಅಂಗಡಿಯಲ್ಲಿ ಸಂಭಾಷಣೆ" ಬಾಯಿಪಾಠ ಮಾಡಿಕೊಂಡು ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಳು. ಹಣ್ಣಿನ ಅಂಗಡಿಗೆ ಹೋಗಿ "ಅಣ್ಣಾ, ಒಂದು ಕಿಲೋ ಮಾವಿನ ಹಣ್ಣಿಗೆ ಎಷ್ಟು?" ಎಂದಳು. ಅವನು ಅವಳ ಶೂ ನೋಡಿ "ಒನ್ ಫಾರ್ಟಿ ಮೇಡಂ" ಎಂದ. ಆಟೋದವನು "ವೇರ್ ಗೋ?" ಎಂದ. ಮನೆಯಲ್ಲಿ ಅಣ್ಣ ತಮ್ಮಂದಿರು ಹೆಡ್‌ಫೋನ್ ತೆಗೆಯದೆ "ಯಾ" ಎಂದರು. ಎರಡು ವಾರ ಹುಡುಕಿದಳು ಪಾಪ. ಕೊನೆಗೆ ಮಾತಿಗೆ ಸಿಕ್ಕಿದ್ದು ನಮ್ಮಮ್ಮ ಒಬ್ಬರೇ, ಮತ್ತೆ ಲಿಫ್ಟ್ ಪಕ್ಕ ಕೂರುವ ಸೆಕ್ಯೂರಿಟಿ ತಾತ. ಅವರು ಒಡಿಶಾದವರು, ಇಲ್ಲಿಗೆ ಬಂದು ಆರು ವರ್ಷದಲ್ಲಿ ಕಲಿತ ಕನ್ನಡ. ನಮ್ಮ ಬ್ಲಾಕಿನ ಮಕ್ಕಳಿಗಿಂತ ಚೆನ್ನಾಗಿದೆ.

2011ರ ಜನಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಎಂದು ಬರೆಸಿದವರು ಸುಮಾರು 4.37 ಕೋಟಿ. ಬರೆಸೋದು ಸುಲಭ. ಮುಂದಿನ ಸಲ ಗಣತಿಯವರು ಬಂದಾಗ ಎದುರು ಮನೆಯಲ್ಲೂ ನಾಲ್ಕು ಕನ್ನಡ, ನಮ್ಮ ಮನೆಯಲ್ಲೂ ನಾಲ್ಕು ಕನ್ನಡ ಎಂದು ಬರೆಸುತ್ತೇವೆ. ಸೆಕ್ಯೂರಿಟಿ ತಾತನನ್ನು ಒಡಿಯಾ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ.

ಸಂಕ್ರಾಂತಿ ಸಂಜೆಗೆ ವಾಪಸ್ ಬರೋಣ. ಪುಟ್ಟಿ ಬ್ಲಾಕಿನ ಹದಿನಾರು ಮನೆಗೂ ಎಳ್ಳು ಬೀರಿ, ಹದಿನಾರು ಮನೆಯಲ್ಲೂ ಒಂದೇ ವಾಕ್ಯ ಹೇಳಿ, ಹದಿನಾರು "ಸೋ ಕ್ಯೂಟ್" ತೆಗೆದುಕೊಂಡು ಬಂದು ಕಾರಿಡಾರಿನಲ್ಲಿ ಕೂತಿದ್ದಳು. ಬುಟ್ಟಿಯಲ್ಲಿ ಬಂದ ಅಚ್ಚುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದಳು, ನವಿಲು, ತೇರು, ತುಳಸಿ ಕಟ್ಟೆ, ಗಿಳಿ. ಅವಳ ತಮ್ಮ, ಐದು ವರ್ಷದವನು, ಓಡಿಬಂದು ಗಿಳಿಯನ್ನು ಎತ್ತಿಕೊಂಡು ತಲೆ ಕಡಿದುಬಿಟ್ಟ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪುಟ್ಟಿ ಎದ್ದು ಸೊಂಟಕ್ಕೆ ಕೈ ಇಟ್ಟುಕೊಂಡಳು.

"ಎಷ್ಟ್ ಸಲ ಹೇಳೋದೋ ನಿಂಗೆ? ಹಾಂ? ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ವಾ? ಇಲ್ ಕೊಡು, ಕೊಡ್ತೀಯೋ ಇಲ್ವೋ! ತಲೇಲಿ ಏನ್ ಸಗಣಿ ತುಂಬ್ಕೊಂಡಿದ್ಯಾ? ಇವತ್ತು ಅಪ್ಪ ಬರ್ಲಿ, ಮಾಡಿಸ್ತೀನಿ ನಿಂಗೆ!"

ಒಂದೇ ಉಸಿರಿಗೆ. ಎಲ್ಲೂ ತಡವರಿಸಲಿಲ್ಲ. ಏಳೂಕಾಲಿನ ಅದೇ ರಾಗ, ಅದೇ ಹಾಸನ.

ಬಾಗಿಲಲ್ಲಿ ನಿಂತಿದ್ದ ನಮ್ಮಮ್ಮನ ಮುಖ ಅರಳಿತು. "ನೋಡ್ಲಾ, ಕೂಸಿಗೆ ಮಾತು ಬತ್ತದೆ!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿ, ಒಳಗೆ ಹೋಗಿ ಡಬ್ಬಿಯಲ್ಲಿದ್ದ ನಮ್ಮ ಮನೆಯ ಗಿಳಿ ಅಚ್ಚು ತಂದು ಪುಟ್ಟಿಯ ಕೈಗಿಟ್ಟರು. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆದು ಪುಟ್ಟಿಯ ಅಮ್ಮ ಹೊರಗೆ ಬಂದರು. ಮುಖ ಕೆಂಪಾಗಿತ್ತು.

"ಸಾರಿ ಆಂಟಿ," ಎಂದರು. "ಇದೆಲ್ಲ ಎಲ್ಲಿ ಕಲಿತಳೋ ಗೊತ್ತಿಲ್ಲ."